ಸತ್ಯಾಂಶ: ಹೊಲದ ದುಂಡು ಕಲ್ಲು ಡೈನೋಸಾರ್ ಮೊಟ್ಟೆಯಲ್ಲ

ಬಾವಿ ತೋಡುವಾಗ ದುಂಡನೆಯ ಕಲ್ಲು ಸಿಕ್ಕರೆ ಸಾಕು, ‘ವಿಜಯಪುರದಲ್ಲಿ ಡೈನೋಸಾರ್ ಮೊಟ್ಟೆ’ ಅಂತ ಫೋಟೋ ವಾಟ್ಸಾಪ್‌ನಲ್ಲಿ ಓಡಾಡುತ್ತದೆ. ಅದು ಮೊಟ್ಟೆಯಲ್ಲ, ನಮ್ಮ ಕರಿಕಲ್ಲೇ.

ವಿಜಯಪುರ ಜಿಲ್ಲೆಯ ಬಹುಭಾಗ ಇರುವುದು ಈ ಕರಿಕಲ್ಲಿನ, ಅಂದರೆ ಬಸಾಲ್ಟ್ ಮೇಲೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ತಣಿದು ಆದ ಕಲ್ಲು ಅದು. ತಣಿಯುವಾಗ ಬಿರುಕು ಬಿಟ್ಟಿತು. ಆ ಬಿರುಕಿನಲ್ಲಿ ನೀರು ಇಳಿಯುತ್ತದೆ. ಮೂಲೆಗಳಿಗೆ ಎರಡು ಮೂರು ಕಡೆಯಿಂದ ನೀರು ತಾಗುತ್ತದಲ್ವಾ, ಅವೇ ಮೊದಲು ಸವೆಯುತ್ತವೆ. ಚೌಕದ ಕಲ್ಲು ನಿಧಾನವಾಗಿ ದುಂಡಗಾಗುತ್ತದೆ. ಹೊರಪದರ ಉಳ್ಳಾಗಡ್ಡಿ ಸಿಪ್ಪೆಯಂತೆ ಸುಲಿದು ಬರುತ್ತದೆ. ಜನ ‘ಚಿಪ್ಪು’ ಅಂದುಕೊಳ್ಳುವುದು ಇದನ್ನೇ.

ಒಡೆದ ಕಲ್ಲನ್ನು ಹತ್ತಿರದಿಂದ ನೋಡಿ. ಹೊರಗೆ ಉಗುರಿಗೂ ಉದುರುವ ಕಂದು ಪದರಗಳು, ನಡುವೆ ಗಟ್ಟಿ ಕರಿಕಲ್ಲು. ನಿಜವಾದ ಮೊಟ್ಟೆಗೆ ಸಾಮಾನ್ಯವಾಗಿ ಒಂದೇ ಚಿಪ್ಪು, ಅದೂ ಕೆಲವೇ ಮಿಲಿಮೀಟರ್ ದಪ್ಪ. ಲೆನ್ಸ್ ಹಿಡಿದರೆ ಗಾಳಿಯಾಡುವ ಸಣ್ಣ ರಂಧ್ರಗಳೂ ಕಾಣಬಹುದು. ಅಂಥ ಮೊಟ್ಟೆಗಳು ಗುಜರಾತಿನ ಬಾಲಾಸಿನೋರ್ ಸುತ್ತ, ಮಧ್ಯಪ್ರದೇಶದ ನರ್ಮದಾ ಕಣಿವೆಯಲ್ಲಿ ಸಿಕ್ಕಿವೆ. ಆದರೆ ಲಾವಾದ ಕಲ್ಲಿನಲ್ಲಲ್ಲ, ಮರಳು-ಮಣ್ಣು ಕೂತು ಆದ ಕಲ್ಲಿನಲ್ಲಿ.

ನಮ್ಮ ಭಾಗದಲ್ಲಿ ಪಳೆಯುಳಿಕೆ ಇಲ್ಲವೆಂದಲ್ಲ. ಬಾಗಲಕೋಟೆ ಜಿಲ್ಲೆಯ ಲೋಕಾಪುರ ಸುತ್ತಿನ ಹಳೇ ಕಲ್ಲುಗಳಲ್ಲಿ ಸ್ಟ್ರೊಮ್ಯಾಟೊಲೈಟ್ ಇವೆ. ಸೂಕ್ಷ್ಮಜೀವಿಗಳು ಕಡಲ ತಳದಲ್ಲಿ ಪದರಪದರವಾಗಿ ಬೆಳೆಸಿದ ರಚನೆಗಳವು, ಡೈನೋಸಾರ್‌ಗಳಿಗಿಂತ ಎಷ್ಟೋ ಪಟ್ಟು ಹಳೆಯವು. ಫಾರ್ವರ್ಡ್ ಆಗಬೇಕಾದ ಫೋಟೋ ನನ್ನ ಪ್ರಕಾರ ಇವುಗಳದ್ದು. ಅನುಮಾನದ ಕಲ್ಲು ಸಿಕ್ಕರೆ ಒಡೆಯಬೇಡಿ. ಪಕ್ಕದಲ್ಲಿ ನಾಣ್ಯ ಇಟ್ಟು ಫೋಟೋ ತೆಗೆದು, ಜಾಗ ಗುರುತು ಹಾಕಿಕೊಂಡು, ಭೂವಿಜ್ಞಾನ ಕಲಿಸುವವರಿಗೆ ತೋರಿಸಿ.