ಇಳಿದ ಮೇಲೆ ಯಾವ ಅಂಗಡಿಗೆ ಹೋಗ್ತೀರಿ?

ನಿನ್ನೆ ಸಾಗರದ ಹತ್ತಿರ ಒಂದು ಗೃಹಪ್ರವೇಶಕ್ಕೆ ಹೋಗಿದ್ದೆ. ಹೋಳಿಗೆ ಚೆನ್ನಾಗಿತ್ತು. ನೆಮ್ಮದಿಯಾಗಿ ತಿನ್ನಲು ನಮ್ಮ ಭಾವ ಬಿಡಲಿಲ್ಲ. ಯಾವ ಭಾವ ಅಂತ ನಿಮಗೆಲ್ಲ ಗೊತ್ತು, ಇಲ್ಲಿ ವರ್ಷಕ್ಕೆ ಎರಡು ಸಲವಾದರೂ ನನ್ನಿಂದ ಬೈಸಿಕೊಳ್ಳುವ ಅದೇ ಭಾವ, ಬೆಂಗಳೂರಿನಲ್ಲಿ ಒಂದು ಟೆಲಿಕಾಂ ಕಂಪನಿಯಲ್ಲಿ ದೊಡ್ಡ ಕೆಲಸದಲ್ಲಿರುವವರು. ಪಂಕ್ತಿಯಲ್ಲಿ ಪಕ್ಕಕ್ಕೇ ಬಂದು ಕೂತರು. ತುಪ್ಪದವರು ಇನ್ನೂ ನಮ್ಮ ಎಲೆ ದಾಟಿರಲಿಲ್ಲ, ಶುರು ಮಾಡಿದರು. "ಅಲ್ಲ ಮಾರಾಯ, ಯೂಟ್ಯೂಬ್‌ನವರು, ನೆಟ್‌ಫ್ಲಿಕ್ಸ್‌ನವರು ನಮ್ಮ ತಂತಿ ಮೇಲೆ ಕೋಟಿ ಕೋಟಿ ಬಾಚ್ತಾರೆ. ಟವರ್ ಹಾಕೋರು ನಾವು. ಅವರೂ ಒಂದು ಪಾಲು ಕೊಡಲಿ, ಏನು ತಪ್ಪು?"

ಸುತ್ತ ಕೂತವರೆಲ್ಲ ಹೌದು ಹೌದು ಅಂದರು. ಅದು ನನಗೆ ಜಾಸ್ತಿ ಉರಿಯಿತು. ಅಲ್ಲಿ ಕೂತ ಒಬ್ಬೊಬ್ಬರೂ ತಿಂಗಳು ತಿಂಗಳು ರೀಚಾರ್ಜ್ ಮಾಡಿಸುವವರೇ. ತಿಂಗಳು ಅಂದೆನಾ? ತಪ್ಪಾಯ್ತು. 28 ದಿನ. ಹನ್ನೆರಡು ತಿಂಗಳ ವರ್ಷದಲ್ಲಿ ಹದಿಮೂರು ರೀಚಾರ್ಜ್ ಮಾಡಿಸಿಕೊಳ್ಳುವ ಬುದ್ಧಿವಂತರು ಈಗ ಬಂದು ನಮಗೆ ಬಡತನ ಅಂತಾರೆ.

ಭಾವನಿಗೆ ಒಂದೇ ಪ್ರಶ್ನೆ ಕೇಳಿದೆ. ಸಾಗರದಿಂದ ಶಿವಮೊಗ್ಗಕ್ಕೆ ಬಸ್ಸು ಹತ್ತುತ್ತೀರಿ. ಕಂಡಕ್ಟರ್ ಬಂದು "ಇಳಿದ ಮೇಲೆ ಯಾವ ಅಂಗಡಿಗೆ ಹೋಗ್ತೀರಿ? ದೊಡ್ಡ ಜವಳಿ ಅಂಗಡಿಗಾದ್ರೆ ಅವರು ನಮಗೆ ದುಡ್ಡು ಕೊಟ್ಟಿದ್ದಾರೆ, ನೀವು ಪುಕ್ಕಟೆ ಬನ್ನಿ. ಗಾಂಧಿ ಬಜಾರಿನ ಸಣ್ಣ ಅಂಗಡಿಗಾದ್ರೆ ಪೂರ್ತಿ ಟಿಕೆಟ್, ಅದೂ ಹಿಂದಿನ ಸೀಟು" ಅಂದರೆ ಒಪ್ಪುತ್ತೀರಾ? ನಾನು ಟಿಕೆಟ್ ತೆಗೆದುಕೊಂಡಿದ್ದೇನೆ. ಎಲ್ಲಿಗೆ ಹೋಗುತ್ತೇನೆ ಅನ್ನುವುದು ನಿನಗ್ಯಾಕಪ್ಪಾ?

ನೆಟ್ ನ್ಯೂಟ್ರಾಲಿಟಿ ಅಂದರೆ ಇಷ್ಟೇ. ನಾನು ಯಾವ ಸೈಟಿಗೆ, ಯಾವ ಆ್ಯಪಿಗೆ ಹೋದರೂ ಇಂಟರ್ನೆಟ್ ಕಂಪನಿ ಭೇದ ಮಾಡಬಾರದು. ಹೆಸರು ಇಟ್ಟವರು ಟಿಮ್ ವೂ ಅನ್ನುವ ಕಾನೂನು ಪ್ರಾಧ್ಯಾಪಕರು, 2003ರಲ್ಲಿ. ಹೆಸರು ಸ್ವಲ್ಪ ಭಾರಿಯಾಯಿತು, ಅದಕ್ಕೇ ಪಂಕ್ತಿಯಲ್ಲಿ ಯಾರಿಗೂ ಅರ್ಥವಾಗುವುದಿಲ್ಲ.

ನಮ್ಮ ದೇಶದಲ್ಲಿ ಈ ಜಗಳ ಆಗಲೇ ಒಂದು ಸಲ ಮುಗಿದಿದೆ, ಅದೂ ನಾವೇ ಗೆದ್ದಿದ್ದೇವೆ. ಮತ್ತೆ ಅದೇ ರಾಗ ಕೇಳಿದರೆ ಸಿಟ್ಟು ಬರದೇ ಇರುತ್ತದಾ? 2014ರ ಡಿಸೆಂಬರ್‌ನಲ್ಲಿ ಏರ್‌ಟೆಲ್‌ನವರು ಇಂಟರ್ನೆಟ್ ಮೇಲೆ ಮಾಡುವ ಕರೆಗೆ ಬೇರೆ ದುಡ್ಡು ಅಂದರು. ಜನ ಉಗಿದರು, ಕೆಲವೇ ದಿನದಲ್ಲಿ ಹಿಂದೆ ತೆಗೆದುಕೊಂಡರು. 2015ರ ಮಾರ್ಚ್‌ನಲ್ಲಿ ಟ್ರಾಯ್, ಅಂದರೆ ಟೆಲಿಕಾಂ ಕಂಪನಿಗಳಿಗೆ ನಿಯಮ ಹಾಕುವ ಸರ್ಕಾರಿ ಸಂಸ್ಥೆ, ಜನರ ಅಭಿಪ್ರಾಯ ಕೇಳಿ 20 ಪ್ರಶ್ನೆಗಳ ಒಂದು ದಪ್ಪ ಕಡತ ಹೊರಗೆ ಬಿಟ್ಟಿತು. ಯಾರು ಓದುತ್ತಾರೆ ಅಂದುಕೊಂಡಿದ್ದರೋ ಏನೋ. ಹತ್ತು ಲಕ್ಷಕ್ಕೂ ಜಾಸ್ತಿ ಮೇಲ್ ಹೋದವು! ಏಪ್ರಿಲ್‌ನಲ್ಲಿ ಏರ್‌ಟೆಲ್ ಝೀರೋ ಬಂತು. ಆ್ಯಪ್‌ನವರು ದುಡ್ಡು ಕಟ್ಟಿದರೆ ಗಿರಾಕಿಗೆ ಡೇಟಾ ಪುಕ್ಕಟೆ ಅನ್ನುವ ಯೋಜನೆ. ಅದಕ್ಕೆ ಸೇರಲು ಹೊರಟ ಫ್ಲಿಪ್‌ಕಾರ್ಟ್, ಜನರ ಗಲಾಟೆ ನೋಡಿ ಹಿಂದೆ ಸರಿಯಿತು. ನನ್ನ ಕಂಡಕ್ಟರ್ ಕಥೆ ನಾನು ಹುಟ್ಟಿಸಿದ್ದಲ್ಲ ಅಂತ ಹೇಳಲು ಇದನ್ನೆಲ್ಲ ಬರೆದೆ.

ಈಗ ಒಂದು ತಪ್ಪೊಪ್ಪಿಗೆ. ಭಾವನಿಗೆ ಇದನ್ನು ಹೇಳಿಲ್ಲ, ನೀವೂ ಹೇಳಬೇಡಿ.

2015ರ ಕೊನೆಯಲ್ಲಿ ಇದೇ ಫೇಸ್‌ಬುಕ್, ಹೌದು, ನಾನು ಈಗ ಕೂತು ಬರೆಯುತ್ತಿರುವ ಇದೇ ಜಾಗ, ಫ್ರೀ ಬೇಸಿಕ್ಸ್ ಉಳಿಸಿ ಅಂತ ಒಂದು ಬಟನ್ ತೋರಿಸುತ್ತಿತ್ತು. ಬಡವರಿಗೆ ಪುಕ್ಕಟೆ ಇಂಟರ್ನೆಟ್, ಒಂದು ಸಲ ಒತ್ತಿ, ಟ್ರಾಯ್‌ಗೆ ಮೇಲ್ ಹೋಗುತ್ತದೆ. ಒತ್ತಿಬಿಟ್ಟೆ. ಒಂದಕ್ಷರ ಓದದೆ. ಆಮೇಲೆ ಗೊತ್ತಾಯಿತು, ಆ ಪುಕ್ಕಟೆ ಇಂಟರ್ನೆಟ್‌ನಲ್ಲಿ ಇದ್ದದ್ದು ಇಂಟರ್ನೆಟ್ ಅಲ್ಲ, ಅವರ ನಿಯಮಕ್ಕೆ ಒಪ್ಪಿ ಒಳಗೆ ಬಂದ ಒಂದಷ್ಟು ಸೈಟು, ಅದೂ ರಿಲಯನ್ಸ್ ಕಮ್ಯುನಿಕೇಷನ್ಸ್ ಸಿಮ್ ಇದ್ದವರಿಗೆ. ಟ್ರಾಯ್‌ನವರು ಕೇಳಿದ ಪ್ರಶ್ನೆಗೆ ನಾವು ಕಳಿಸಿದ ಮೇಲ್‌ಗಳು ಉತ್ತರವೇ ಅಲ್ಲ ಅಂದುಬಿಟ್ಟರು. ಪರೀಕ್ಷೆಯಲ್ಲಿ ಪಕ್ಕದವನ ಉತ್ತರ ನಕಲು ಮಾಡಿ, ಅದು ಬೇರೆ ಪ್ರಶ್ನೆಯ ಉತ್ತರ ಅಂತ ಗೊತ್ತಾದ ಹಾಗಾಯ್ತು ನನಗೆ. ಇವತ್ತಿಗೂ ನೆನೆಸಿಕೊಂಡರೆ ಮೈ ಉರಿಯುತ್ತದೆ.

ನನ್ನ ಬಟನ್ ಪುಣ್ಯಕ್ಕೆ ಏನೂ ಕೆಡಿಸಲಿಲ್ಲ. 2016ರ ಫೆಬ್ರವರಿ 8ಕ್ಕೆ ಟ್ರಾಯ್ ನಿಯಮ ತಂದಿತು. ಯಾವ ಸೈಟು, ಯಾವ ಆ್ಯಪ್ ಅಂತ ನೋಡಿ ಡೇಟಾಕ್ಕೆ ಬೇರೆ ಬೇರೆ ದರ ಹಾಕುವ ಹಾಗಿಲ್ಲ. ಮೀರಿದರೆ ದಿನಕ್ಕೆ 50 ಸಾವಿರ ದಂಡ, ಹೆಚ್ಚೆಂದರೆ 50 ಲಕ್ಷ. ಅಷ್ಟು ದೊಡ್ಡ ಕಂಪನಿಗಳಿಗೆ 50 ಲಕ್ಷ ಅಂದರೆ ಸಂಜೆ ಚಾ ಖರ್ಚು, ಆ ಮಾತು ಬೇರೆ. 2018ರ ಜುಲೈನಲ್ಲಿ ತಡೆಯುವುದು, ನಿಧಾನ ಮಾಡುವುದು, ಒಬ್ಬರನ್ನು ಮುಂದೆ ಬಿಡುವುದು, ಇವೆಲ್ಲ ಕೂಡದು ಅನ್ನುವುದಕ್ಕೂ ಸರ್ಕಾರ ಒಪ್ಪಿತು. ಅಮೆರಿಕದವರು ಇದಕ್ಕೆ ಸರಿ ಉಲ್ಟಾ. ಅಜಿತ್ ಪೈ ಅಲ್ಲಿನ ಎಫ್‌ಸಿಸಿ, ಅಂದರೆ ನಮ್ಮ ಟ್ರಾಯ್ ಥರದ ಸಂಸ್ಥೆಯ ಅಧ್ಯಕ್ಷರಾಗಿದ್ದಾಗ, 2017ರಲ್ಲಿ, ಇದ್ದ ನಿಯಮ ಕಿತ್ತು ಹಾಕಿದರು. ಪೈ ಅಂದಕೂಡಲೇ ನಮ್ಮ ಕಡೆಯವರಾ ಅಂತ ಆಗ ಗ್ರೂಪಿನಲ್ಲಿ ಎಷ್ಟು ಜನ ಸಂಭ್ರಮಿಸಿದರು, ನೆನಪಿದೆಯಾ? 2024ರಲ್ಲಿ ಮತ್ತೆ ತಂದರು, 2025ರ ಜನವರಿಯಲ್ಲಿ ಕೋರ್ಟು ಮತ್ತೆ ತೆಗೆಯಿತು. ಹಾವು ಏಣಿ ಆಟ.

ಭಾವ ಬಿಡಲಿಲ್ಲ. "ಸ್ಪೆಕ್ಟ್ರಮ್‌ಗೆ ಎಷ್ಟು ಸುರಿದಿದ್ದೇವೆ ಗೊತ್ತಾ?" ಗೊತ್ತು. ಮೊಬೈಲ್ ಸಿಗ್ನಲ್ ಸಾಗುವ ಆ ರೇಡಿಯೋ ತರಂಗಗಳಿಗೆ 2022ರ ಹರಾಜಿನಲ್ಲಿ ಎಲ್ಲ ಕಂಪನಿ ಸೇರಿ ಒಂದೂವರೆ ಲಕ್ಷ ಕೋಟಿ ಬಿಡ್ ಮಾಡಿದ್ದಾರೆ. ಸಣ್ಣ ಮೊತ್ತ ಅಲ್ಲ, ಒಪ್ಪಿದೆ. ಆದರೆ ಅದನ್ನು ನಮ್ಮಿಂದ ವಸೂಲು ಮಾಡುತ್ತಲೇ ಇದ್ದೀರಲ್ಲ? 2024ರ ಜುಲೈನಲ್ಲಿ ಮೂರೂ ಖಾಸಗಿ ಮೊಬೈಲ್ ಕಂಪನಿ ಒಂದರ ಹಿಂದೆ ಒಂದು ದರ ಏರಿಸಿದಾಗ ನಮ್ಮನ್ನು ಕೇಳಿದಿರಾ? ಆಮೇಲೆ, ಯೂಟ್ಯೂಬ್ ನಿಮ್ಮ ತಂತಿಯೊಳಗೆ ತಾನಾಗಿ ನುಗ್ಗುವುದಿಲ್ಲ. ನಾನು ಕರೆದರೆ ಬರುತ್ತದೆ. ಕರೆದ ಲೆಕ್ಕ ನಾನು ಕೊಟ್ಟಾಗಿದೆ. ಒಂದೇ ಗಂಟಿಗೆ ಎರಡು ಕಡೆ ಸುಂಕ ಯಾಕೆ?

ಪಾಲು ಕೇಳಿದರೆ ಏನಾಗುತ್ತದೆ ಅಂತ ನೋಡಬೇಕಿದ್ದರೆ ದಕ್ಷಿಣ ಕೊರಿಯಾ ಇದೆ. ಅಲ್ಲಿ ಇಂಥ ಶುಲ್ಕದ ಪದ್ಧತಿ ಇದೆ. ಟ್ವಿಚ್ ಅನ್ನುವ ವಿಡಿಯೋ ಕಂಪನಿ ಖರ್ಚು ತಾಳದೆ ಮೊದಲು ವಿಡಿಯೋದ ಗುಣಮಟ್ಟ ಇಳಿಸಿತು, ಕೊನೆಗೆ 2024ರ ಫೆಬ್ರವರಿಯಲ್ಲಿ ಆ ದೇಶದಲ್ಲಿ ವ್ಯವಹಾರವನ್ನೇ ನಿಲ್ಲಿಸಿತು. ಬೇರೆ ಬಹುತೇಕ ದೇಶಗಳಿಗಿಂತ ಅಲ್ಲಿ ನೆಟ್‌ವರ್ಕ್ ಖರ್ಚು ಹತ್ತು ಪಟ್ಟು ಅಂದರು. ಟ್ವಿಚ್ ಅಮೆಜಾನ್‌ನದು! ಅವರಿಗೇ ತಾಳಲಿಲ್ಲ.

ಇನ್ನು ನನ್ನ ಗತಿ ಏನು? ಅಪ್ಪನ ಕ್ಯಾಸೆಟ್‌ಗಳಿಂದ ಇಳಿಸಿದ ನಮ್ಮೂರ ತಾಳಮದ್ದಲೆಗಳ ಸೈಟು ನಡೆಸುತ್ತೇನಲ್ಲ, ನಿಮ್ಮಲ್ಲಿ ಆರೋ ಏಳೋ ಜನ ಕೇಳಿದ್ದೀರಿ. ದೊಡ್ಡವರ ವಿಡಿಯೋದ ಪ್ರತಿ ಇಂಟರ್ನೆಟ್ ಕಂಪನಿಯ ಅಂಗಳದಲ್ಲೇ ಇಟ್ಟ ಸರ್ವರ್‌ನಲ್ಲಿ ಇರುತ್ತದೆ, ಪಟ್ ಅಂತ ಬರುತ್ತದೆ. ನನ್ನ ಚೆಂಡೆ ಎಲ್ಲೋ ದೂರದ ಬಾಡಿಗೆ ಸರ್ವರ್‌ನಿಂದ ಕುಂಟಿಕೊಂಡು ಬರಬೇಕು. ನಿಯಮದಲ್ಲಿ ಅದಕ್ಕೆ ವಿನಾಯಿತಿ ಇದೆ, ನನ್ನದೇನೂ ತಕರಾರಿಲ್ಲ, ದುಡ್ಡಿದ್ದವರು ಹತ್ತಿರ ಅಂಗಡಿ ಇಟ್ಟುಕೊಳ್ಳುತ್ತಾರೆ. ಆದರೆ ಅದರ ಮೇಲೆ ದಾರಿಯಲ್ಲೂ ದುಡ್ಡು ಕೊಟ್ಟವರು ಮುಂದೆ ಅಂತ ಶುರುವಾದರೆ ನನ್ನ ಭಾಗವತರು ಮುಗಿದರು. ಮೊದಲು ದೊಡ್ಡವರ ಹತ್ತಿರ ಮಾತ್ರ ಪಾಲು ಕೇಳುತ್ತೇವೆ ಅಂತಾರೆ. ಕೇಳುತ್ತೀರಿ, ಸರಿ. ಕೊಟ್ಟವರು ಕೊಟ್ಟದ್ದಕ್ಕೆ ಏನೂ ಬಯಸದೆ ಸುಮ್ನೆ ಇರುತ್ತಾರಾ?

ಈಗ ನಮ್ಮ ಇನ್ನೊಬ್ಬ ಗೆಳೆಯ ಕಾಮೆಂಟಿಗೆ ಬರುತ್ತಾನೆ, ಗೊತ್ತು. ಸರ್ಕಾರದ ಕೈಗೆ ಇಂಟರ್ನೆಟ್ ಕೊಡಬೇಡಿ, ಅವರೇ ಬಂದ್ ಮಾಡುವವರು ಅಂತ. ಈ ಮಾತಿಗೆ ಮಾತ್ರ ನಾನು ಸ್ವಲ್ಪ ತಲೆ ತಗ್ಗಿಸುತ್ತೇನೆ. ಕಾಶ್ಮೀರದಲ್ಲಿ 2019ರ ಆಗಸ್ಟ್‌ನಿಂದ ಬಂದ್ ಇದ್ದದ್ದನ್ನು 2020ರ ಜನವರಿಯಲ್ಲಿ ಬಿಟ್ಟಾಗ ಮೊಬೈಲ್‌ಗೆ 2ಜಿ, ಅದೂ ಸರ್ಕಾರ ಪಟ್ಟಿ ಮಾಡಿದ 301 ಸೈಟು ಮಾತ್ರ. ನನ್ನ ಕಂಡಕ್ಟರ್ ಖಾಕಿ ಬದಲು ಖಾದಿ ಹಾಕಿಕೊಂಡು ಬಂದ ಹಾಗೆ. ಎರಡೂ ತಪ್ಪು. ಆದರೆ ಸರ್ಕಾರ ಕೆಟ್ಟದ್ದು ಮಾಡುತ್ತದೆ ಅಂತ ಕಂಪನಿಗೆ ಬೀಗದ ಕೈ ಕೊಡುವುದು ಯಾವ ಲೆಕ್ಕ? ಬಾಗಿಲು ಕಾಯುವವನು ನಿದ್ದೆ ಹೊಡೆದ ಅಂತ ಕಳ್ಳನನ್ನೇ ಕಾವಲಿಗೆ ಇಡುತ್ತಾರಾ? ಕಂಪನಿಗಳು ನಿಯಮ ಪಾಲಿಸುತ್ತಿವೆಯಾ ಅಂತ ಕಣ್ಣಿಡಲು ಒಂದು ಸಮಿತಿ ಬೇಕು ಅಂತ ಟ್ರಾಯ್ 2020ರಲ್ಲೇ ಶಿಫಾರಸು ಮಾಡಿದೆ. ಜಗಳ ಆಡುವುದಿದ್ದರೆ ಅದರ ಬಗ್ಗೆ ಆಡೋಣ.

ಕೈ ತೊಳೆಯುವ ಜಾಗದಲ್ಲಿ ಭಾವ ಮತ್ತೆ ಸಿಕ್ಕರು. ಇನ್ನೊಂದು ಸುತ್ತು ಅಂದುಕೊಂಡೆ. ಆದರೆ ದನಿ ಇಳಿಸಿ, "ಅಮ್ಮ ನಿನ್ನ ತಾಳಮದ್ದಲೆ ಕೇಳಬೇಕಂತೆ, ಲಿಂಕ್ ಹಾಕು ಮಾರಾಯ" ಅಂದರು. ಹಾಕಿದೆ. ರಾತ್ರಿ ಒಂಬತ್ತಕ್ಕೆ ಅವರಿಂದ ಮೆಸೇಜ್: "ಏನೋ ಇದು, ಸುತ್ತುತ್ತಾನೇ ಇದೆ."

ಉತ್ತರ ಇನ್ನೂ ಕೊಟ್ಟಿಲ್ಲ. ಅವರೂ ಸ್ವಲ್ಪ ಕಾಯಲಿ.