ಆಕಾಶಕ್ಕೆ ತಂತಿ ಚುಚ್ಚಿತಂತೆ

ಕಡೆಗೂ ಆಕಾಶ ಉಳಿಯಿತು. ಟ್ರಾಲಿಬಸ್ಸು ಅಂದರೆ ನೆತ್ತಿಯ ಎರಡು ಕೋಲುಗಳಿಂದ ರಸ್ತೆಯ ಮೇಲಿನ ತಂತಿ ಮುಟ್ಟಿ, ಅದರ ಕರೆಂಟಿನಲ್ಲಿ ಓಡುವ ಬಸ್ಸು. ಅದರ ಎರಡು ತಂತಿಗಳಿಂದ ಆಕಾಶದ ಅಂದ ಕೆಡುವುದನ್ನು ಕಣ್ಣಾರೆ ನೋಡಲಾರದೆ ದೊಡ್ಡ ದೊಡ್ಡ ನಗರಗಳ ಪ್ರಭುಗಳು ಅವನ್ನು ಬಿಚ್ಚಿಸಿದ ಕಥೆ ಇದು. ಮಾಸ್ಕೋ ಅಂತೂ 2020ರ ಆಗಸ್ಟ್‌ನಲ್ಲಿ ಈ ಪುಣ್ಯಕಾರ್ಯವನ್ನು ಸಾಂಗವಾಗಿ ಮುಗಿಸಿತು. 1933ರಿಂದ ಓಡುತ್ತಿದ್ದ, ಒಂದು ಕಾಲಕ್ಕೆ ಜಗತ್ತಿನಲ್ಲೇ ದೊಡ್ಡದೆನಿಸಿದ್ದ ಜಾಲ ಅದು. ನೆನಪಿಗಿರಲಿ ಅಂತ ಒಂದೇ ಒಂದು ಪುಟ್ಟ ಮಾರ್ಗವನ್ನು ಮ್ಯೂಸಿಯಂ ಥರ ಉಳಿಸಿಕೊಂಡರು. ಮಿಕ್ಕ ಕಡೆ ಈಗ ತಲೆಯೆತ್ತಿದರೆ ಬರೀ ಆಕಾಶ. ಬಸ್ಸಿಗೆ ಕಾಯುವವನಿಗೆ ಅದನ್ನು ನೋಡಲು ಹೊತ್ತೂ ಬೇಕಾದಷ್ಟಿರುತ್ತದೆ.

ಬದಲಿಗೆ ಬಂದದ್ದು ಬ್ಯಾಟರಿ ಬಸ್ಸು. ಇದು ಆಧುನಿಕ, ಅದು ಓಬೀರಾಯನ ಕಾಲದ್ದು. ಎರಡೂ ಓಡುವುದು ಕರೆಂಟಿನಲ್ಲೇ ಅಲ್ಲವೇ ಸ್ವಾಮಿ ಅಂತ ಕೇಳಿದರೆ ನೀವು ಪ್ರಗತಿಯ ಶತ್ರು. ಟ್ರಾಲಿಬಸ್ಸು ತನಗೆ ಬೇಕಾದಾಗ, ಬೇಕಾದಷ್ಟನ್ನು ತಂತಿಯಿಂದ ಎಳೆದುಕೊಳ್ಳುತ್ತಿತ್ತು. ಬ್ಯಾಟರಿ ಬಸ್ಸು ದಿನದ ಕರೆಂಟನ್ನೆಲ್ಲ ಬುತ್ತಿ ಕಟ್ಟಿಕೊಂಡು ಹೊರಡುತ್ತದೆ. ಆ ಬುತ್ತಿಯ ತೂಕವೇ ಎರಡು ಮೂರು ಟನ್ನು. ಬುತ್ತಿ ಹೊರುವುದಕ್ಕೇ ಬುತ್ತಿಯಲ್ಲೊಂದು ಪಾಲು ಖರ್ಚು. ಸಣ್ಣ ಬುತ್ತಿಯೇ ಸಾಕು ಅಂದವರ ಬಸ್ಸು ಕೊನೆಯ ಸ್ಟಾಪಿನಲ್ಲಿ ಒಂದು ಕಂಬದ ಕೆಳಗೆ ನಿಂತು, ನೆತ್ತಿಯಿಂದ ಕೈ ಹೊರಚಾಚಿ, ಹೊಟ್ಟೆ ತುಂಬುವವರೆಗೂ ಅಲ್ಲಾಡುವುದಿಲ್ಲ. ಓಡುತ್ತ ಕುಡಿಯುತ್ತಿದ್ದದ್ದನ್ನು ನಿಂತು ಕುಡಿಯುವುದಕ್ಕೆ ಕೋಟಿಗಟ್ಟಲೆ ಸುರಿದಿದ್ದಾರೆ. ಮಾಸ್ಕೋದ ಚಳಿಗಾಲದಲ್ಲಿ ಬಸ್ಸಿನೊಳಗೆ ಬೆಚ್ಚಗಿರಬೇಕಲ್ಲ? ಅದನ್ನೂ ಬ್ಯಾಟರಿಯ ತಲೆಗೆ ಕಟ್ಟಿದರೆ ಬಸ್ಸು ದೂರ ಹೋಗುವುದಿಲ್ಲ. ಅದಕ್ಕೇ ಎಲೆಕ್ಟ್ರಿಕ್ ಬಸ್ಸಿನ ಹೊಟ್ಟೆಯಲ್ಲಿ ಒಂದು ಡೀಸೆಲ್ ಹೀಟರ್ ಇಟ್ಟರು. ಹೊರಗೆ ಹಸಿರು, ಒಳಗೆ ಹೊಗೆ.

ನ್ಯೂಜಿಲೆಂಡಿನ ವೆಲ್ಲಿಂಗ್ಟನ್ ಇನ್ನೂ ಪ್ರಾಮಾಣಿಕ. 2017ರ ಅಕ್ಟೋಬರ್ ಕೊನೆಗೆ ಟ್ರಾಲಿಬಸ್ಸುಗಳನ್ನು ಮನೆಗೆ ಕಳಿಸಿ, ಸೀದಾ ಡೀಸೆಲ್ ಬಸ್ಸು ತಂದು ನಿಲ್ಲಿಸಿತು. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡವನ ಗಾದೆ ನಮ್ಮದು; ಇಲ್ಲಿ ಮೂಗಿಗೆ ನೆಗಡಿಯೂ ಬಂದಿರಲಿಲ್ಲ.

ಟ್ರಾಲಿಬಸ್ಸಿಗೆ ದೋಷವೇ ಇಲ್ಲ ಅಂತ ನಾನೇನೂ ಪ್ರಮಾಣ ಮಾಡುವುದಿಲ್ಲ. ತಿರುವಿನಲ್ಲಿ ಒಂಚೂರು ಜೋರಾಗಿ ಹೋದರೆ ನೆತ್ತಿಯ ಕೋಲು ತಂತಿಯಿಂದ ಪಟ್ ಅಂತ ಜಾರುತ್ತದೆ. ಬಸ್ಸು ನಿಟ್ಟುಸಿರು ಬಿಟ್ಟು ನಿಲ್ಲುತ್ತದೆ. ಡ್ರೈವರ್ ಯಾರ ಮುಖವನ್ನೂ ನೋಡದೆ ಕೈಗವಸು ಹಾಕಿಕೊಂಡು ಇಳಿದು, ಹಿಂದೆ ಹೋಗಿ, ಕೋಲಿಗೆ ಕಟ್ಟಿದ ಹಗ್ಗ ಹಿಡಿದು, ಕತ್ತು ಹಿಂದಕ್ಕೆ ಬಾಗಿಸಿ, ಒಂದು ಕಣ್ಣು ಮುಚ್ಚಿ, ದೋಟಿ ಹಿಡಿದು ಮರದ ತುದಿಯ ಕಾಯಿಗೆ ಗುರಿಯಿಡುವವನ ಹಾಗೆ ತಂತಿಯನ್ನು ಹುಡುಕುತ್ತಾನೆ. ಒಮ್ಮೆ ತಪ್ಪುತ್ತದೆ. ಇನ್ನೊಮ್ಮೆ ಕಿಡಿ ಹಾರುತ್ತದೆ. ಮೂರನೆಯ ಸಲ ಕೂರುತ್ತದೆ. ಒಂದು ಕೋಲು ಕೂತರೆ ಆಗಲಿಲ್ಲ, ಎರಡೂ ಕೂರಬೇಕು. ಟ್ರಾಮಿಗಾದರೆ ಒಂದೇ ತಂತಿ ಸಾಕು, ಕರೆಂಟು ಹಳಿಯ ಮೂಲಕ ವಾಪಸಾಗುತ್ತದೆ; ರಬ್ಬರ್ ಗಾಲಿಯ ಬಸ್ಸಿಗೆ ಹೋಗಲೊಂದು, ಬರಲೊಂದು. ಹಿಂದಿನ ಕಾರುಗಳವರು ಅಷ್ಟೂ ಹೊತ್ತು ಹಾರ್ನ್ ಒತ್ತುತ್ತಿರುತ್ತಾರೆ, ಹಾರ್ನಿನ ಶಬ್ದಕ್ಕೆ ಹೆದರಿ ಕೋಲು ತಾನಾಗಿ ಹತ್ತಿಬಿಡುತ್ತದೇನೋ ಎಂಬಂತೆ.

ಇದಕ್ಕಿಂತ ಚೆಂದದ್ದು 1882ರದ್ದು. ಬರ್ಲಿನ್ ಹತ್ತಿರ ಜರ್ಮನ್ ಎಂಜಿನಿಯರ್ ವೆರ್ನರ್ ಫಾನ್ ಸೀಮೆನ್ಸ್ ಮೊದಲ ಸಲ ಇಂಥ ಗಾಡಿ ಓಡಿಸಿದಾಗ ಕೋಲು ಇರಲಿಲ್ಲ. ತಂತಿಗಳ ಮೇಲೊಂದು ಪುಟಾಣಿ ಗಾಡಿ ಉರುಳುತ್ತಿತ್ತು. ಕೆಳಗಿನ ದೊಡ್ಡ ಗಾಡಿ ಅದನ್ನು ಕೇಬಲ್ ಕಟ್ಟಿ ನಾಯಿಮರಿಯ ಹಾಗೆ ಜೊತೆಗೆ ಎಳೆದುಕೊಂಡು ಹೋಗುತ್ತಿತ್ತು. ಒಟ್ಟು ದಾರಿ 540 ಮೀಟರ್. ಸುಮಾರು ಆರು ವಾರ ಆಡಿಸಿ ಬಿಚ್ಚಿಟ್ಟರು. ತಂತಿ ಬಿಚ್ಚುವ ಚಟ ಹುಟ್ಟಿನಿಂದಲೇ ಬಂದದ್ದು ಅನ್ನಿ.

ಈಗಿನ ಹೊಸ ಟ್ರಾಲಿಬಸ್ಸಿಗೆ ಆ ಹಗ್ಗದ ಸರ್ಕಸ್ಸೂ ಅಷ್ಟಿಲ್ಲ. ಹೊಟ್ಟೆಯಲ್ಲೊಂದು ಸಣ್ಣ ಬ್ಯಾಟರಿ. ತಂತಿಯಿದ್ದಲ್ಲಿ ಓಡುತ್ತಲೇ ಅದು ಚಾರ್ಜ್ ಆಗುತ್ತದೆ. ತಂತಿ ಮುಗಿದಲ್ಲಿ ಡ್ರೈವರ್ ಗುಂಡಿ ಒತ್ತಿ ಕೋಲು ಇಳಿಸಿ ಹಾಗೇ ಮುಂದೆ ಹೋಗುತ್ತಾನೆ, ಬೇಕಾದರೆ ಹತ್ತಾರು ಕಿಲೋಮೀಟರ್. ಚಂದದ ಚೌಕ, ಹಳೇ ಗೋಪುರ, ಪ್ರಭುಗಳಿಗೆ ಪ್ರಿಯವಾದ ಆಕಾಶದ ತುಣುಕು, ಅಲ್ಲೆಲ್ಲ ತಂತಿ ಎಳೆಯುವುದೇ ಬೇಡ. ಇಷ್ಟು ಸರಳವಾಗಿರುವುದರಿಂದಲೇ ಇದಕ್ಕೆ ರಿಬ್ಬನ್ ಕತ್ತರಿಸುವವರು ಸಿಗುವುದಿಲ್ಲವೇನೋ.

ತಂತಿ ಉಳಿಸಿಕೊಂಡ ಕಡೆಗಳಲ್ಲಿ ಟ್ರಾಲಿಬಸ್ಸನ್ನು ‘ಸುಧಾರಿಸಿ ಜನಪ್ರಿಯಗೊಳಿಸುವ’ ಯೋಜನೆಗಳಿರುತ್ತವೆ. ಅವನ್ನು ಓದುವುದು ನನಗೊಂದು ಚಟ. ಮೊದಲ ಪುಟದಲ್ಲೇ ಬಸ್ಸಿನ ಮೈಮೇಲೆ ಎಲೆ ಬರೆಸುವ ಪ್ರಸ್ತಾಪ. ಎಲೆ ಬಂದಮೇಲೆ ಅದು ಪರಿಸರಸ್ನೇಹಿ. ಎಲೆಯಿಲ್ಲದೆ ಇಷ್ಟು ದಶಕ ಹೊಗೆ ಬಿಡದೆ ಓಡಿತಲ್ಲ, ಅದು ಲೆಕ್ಕಕ್ಕಿಲ್ಲ. ಆಮೇಲೆ ಮೊಬೈಲ್ ಚಾರ್ಜಿಂಗು, ಘೋಷವಾಕ್ಯ ಸ್ಪರ್ಧೆ, ಸೆಲ್ಫಿ ಕಟ್ಟೆ, ಬಸ್ಸು ಎಲ್ಲಿದೆ ಎಂದು ತೋರಿಸುವ ಆ್ಯಪು. ಬಸ್ಸು ಎಲ್ಲಿದೆ ಅಂದರೆ ನಿನ್ನೆ ಈ ಹೊತ್ತಿಗೆ ಎಲ್ಲಿತ್ತೋ ಅಲ್ಲೇ ಇದೆ, ಕಾರುಗಳ ನಡುವೆ ಸಿಕ್ಕಿಬಿದ್ದು. ಇದಕ್ಕೆ ಆ್ಯಪು ಬೇಕಿರಲಿಲ್ಲ.

ಕೆಲವರಿಗೆ ಹೆಸರೇ ತಕರಾರು. ಫ್ರಾನ್ಸಿನ ನಾನ್ಸಿ ನಗರ 2001ರಲ್ಲಿ ‘ಟೈರಿನ ಮೇಲಿನ ಟ್ರಾಮ್’ ಅಂತ ಒಂದನ್ನು ತಂದಿತು. ಮೇಲೆ ಟ್ರಾಲಿ ತಂತಿ, ಕೆಳಗೆ ರಬ್ಬರ್ ಗಾಲಿ, ನಡುವೆ ದಾರಿ ತೋರಿಸಲು ಒಂಟಿ ಹಳಿ. ಅದು ಆಗಾಗ ಹಳಿ ತಪ್ಪಿತು. 2023ರಲ್ಲಿ ಸಾಕೋ ಸಾಕು ಅಂತ ಮುಚ್ಚಿದರು. ಈಗ ಅದೇ ದಾರಿಯಲ್ಲಿ ಓಡುತ್ತಿರುವುದು ಯಾವುದು ಗೊತ್ತೇ? ಉದ್ದನೆಯ ಟ್ರಾಲಿಬಸ್ಸು. ಹಿತ್ತಲ ಗಿಡ ಮದ್ದೆಂದು ತಿಳಿಯಲು ಎರಡು ದಶಕ ದಾಟಬೇಕಾಯಿತು.

ತಮಾಷೆ ಸಾಕು, ನನಗೇ ಬೇಜಾರಾಗಿದೆ. ಏನು ಮಾಡಬೇಕೆಂಬುದು ಯಾರಿಗೆ ಗೊತ್ತಿಲ್ಲ? ಐದು ನಿಮಿಷಕ್ಕೊಂದು ಬಸ್ಸು ಬಿಡಿ. ಅದಕ್ಕೇ ಅಂತ ಒಂದು ಲೇನ್ ಕೊಡಿ, ಆ ಲೇನಿನಲ್ಲಿ ಕಾರು ನಿಲ್ಲಿಸಿದವನ ಕಾರನ್ನು ಎತ್ತಿಕೊಂಡು ಹೋಗಿ. ತಂತಿ ಸವೆದರೆ ಬದಲಿಸಿ. ಡ್ರೈವರಿಗೆ ಸರಿಯಾಗಿ ಸಂಬಳ ಕೊಡಿ. ಇಷ್ಟೇ. ಇದಕ್ಕೆ ಸಲಹೆಗಾರರೂ ಬೇಡ, ಲಾಂಛನವೂ ಬೇಡ. ವರ್ಷಾನುಗಟ್ಟಲೆ ತಂತಿಗೆ, ಸಬ್‌ಸ್ಟೇಷನ್ನಿಗೆ ಬಿಡಿಗಾಸು ಹಾಕದೆ ಕೊಳೆಯಲು ಬಿಟ್ಟು, ಆಮೇಲೆ ‘ನೋಡಿ, ಎಲ್ಲ ಹಳೆಯದಾಗಿಹೋಗಿದೆ, ಕಿತ್ತುಹಾಕದೆ ಗತಿಯಿಲ್ಲ’ ಅಂತ ವರದಿ ಬರೆಸುತ್ತೀರಲ್ಲ, ಅದಕ್ಕೆ ನನ್ನ ಹತ್ತಿರ ಮರ್ಯಾದೆಯ ಪದವಿಲ್ಲ. ಮಳೆಯಲ್ಲಿ ಮಗುವನ್ನು ಸೊಂಟಕ್ಕೆ ಹಾಕಿಕೊಂಡು ಸ್ಟಾಪಿನಲ್ಲಿ ನಿಂತವಳು ಆಕಾಶ ಕೇಳಿರಲಿಲ್ಲ. ಬಸ್ಸು ಕೇಳಿದ್ದಳು.

ಚೆಕ್ ದೇಶದ ಪ್ರಾಗ್ ನಗರದ್ದು ಹೇಳದೆ ಹೋದರೆ ಅನ್ಯಾಯ. 1972ರಲ್ಲಿ ಅಲ್ಲಿಯ ಪ್ರಭುಗಳೂ ಟ್ರಾಲಿಬಸ್ಸು ಹಳತಾಯಿತೆಂದು ತಂತಿ ಬಿಚ್ಚಿಸಿದರು. 2017ರಲ್ಲಿ ಪ್ರಯೋಗಕ್ಕೆಂದು ಒಂದು ಏರಿನಲ್ಲಿ ಮತ್ತೆ ತಂತಿ ಎಳೆದರು. 2024ರಿಂದ ವಿಮಾನ ನಿಲ್ದಾಣಕ್ಕೆ 24 ಮೀಟರ್ ಉದ್ದದ ಟ್ರಾಲಿಬಸ್ಸು ಓಡುತ್ತಿದೆ. ಹಳೇ ವೇಳಾಪಟ್ಟಿ ನಂಬಿಕೊಂಡು 1972ರಿಂದ ಸ್ಟಾಪಿನಲ್ಲೇ ನಿಂತವರು ಯಾರಾದರೂ ಇದ್ದರೆ, ದಯವಿಟ್ಟು ಹತ್ತಿ. ಸೀಟು ಖಾಲಿ ಇರಬಹುದು.