ಬಟನ್ ಬಚ್ಚಿಟ್ಟರೆ ಸರಳವಾಗುವುದಿಲ್ಲ

ಬ್ರೌಸರ್‌ನಲ್ಲಿ ಓಡುವ ವರ್ಡ್ ಪ್ರೊಸೆಸರ್‌ಗಳ ವಿಮರ್ಶೆಯೊಂದನ್ನು ಈಗಷ್ಟೇ ಓದಿ ಮುಗಿಸಿದೆ. ಉದ್ದಕ್ಕೂ ಒಂದೇ ಮೆಚ್ಚುಗೆ: ಕ್ಲೀನ್ ಆಗಿದೆ, ಸ್ಕ್ರೀನ್ ಮೇಲೆ ಏನೂ ಇಲ್ಲ. ಏನೂ ಇಲ್ಲದಿರುವುದು ಯಾವಾಗಿನಿಂದ ಗುಣವಾಯಿತು? ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ. ನನ್ನನ್ನು ಬಲ್ಲವರಿಗೆ ಈ ಸಿಟ್ಟು ಹೊಸದೂ ಅಲ್ಲ.

ಹೆಡಿಂಗ್ ವಿಷಯವನ್ನೇ ತೆಗೆದುಕೊಳ್ಳಿ. ಗೂಗಲ್ ಡಾಕ್ಸ್ ಟೂಲ್‌ಬಾರ್‌ನಲ್ಲಿ ಬೋಲ್ಡ್, ಇಟಾಲಿಕ್, ಅಕ್ಷರದ ಗಾತ್ರ, ಬಣ್ಣ ಎಲ್ಲವೂ ಕಣ್ಣೆದುರಿಗೇ ಇವೆ. ಪ್ಯಾರಾಗ್ರಾಫ್ ಸ್ಟೈಲ್‌ಗಳು, ಅಂದರೆ ಹೆಡಿಂಗ್ 1, ಹೆಡಿಂಗ್ 2 ಮುಂತಾದ ಸಿದ್ಧ ರೂಪಗಳು, ಮಾತ್ರ 'ನಾರ್ಮಲ್ ಟೆಕ್ಸ್ಟ್' ಅಂತ ಬರೆದ ಸಣ್ಣ ಪೆಟ್ಟಿಗೆಯೊಳಗೆ. ಹೆಡಿಂಗ್ 2ರ ರೂಪ ಬದಲಿಸಬೇಕೆಂದರೆ ಮೊದಲು ಅಂಥ ಒಂದು ಹೆಡಿಂಗನ್ನು ಬೇಕಾದ ಹಾಗೆ ತಿದ್ದಬೇಕು, ಕರ್ಸರ್ ಅದರಲ್ಲೇ ಇರುವಾಗ ಆ ಪೆಟ್ಟಿಗೆ ತೆರೆಯಬೇಕು, ಹೆಡಿಂಗ್ 2ರ ಪಕ್ಕದ ಬಾಣದ ಗುರುತಿಗೆ ಹೋಗಿ 'ಅಪ್‌ಡೇಟ್ ಹೆಡಿಂಗ್ 2 ಟು ಮ್ಯಾಚ್' ಒತ್ತಬೇಕು. ಆಗ ಇಡೀ ಡಾಕ್ಯುಮೆಂಟಿನ ಹೆಡಿಂಗ್ 2 ಎಲ್ಲ ಒಟ್ಟಿಗೆ ಬದಲಾಗುತ್ತವೆ. ಎಂಥ ಒಳ್ಳೆಯ ಸೌಲಭ್ಯ! ಇಟ್ಟಿರುವುದು ಮಾತ್ರ ಯಾರ ಕಣ್ಣಿಗೂ ಬೀಳದ ಜಾಗದಲ್ಲಿ.

ಹಾಗಾಗಿ ಜನ ಏನು ಮಾಡುತ್ತಾರೆ? ಸಾಲನ್ನು ಬೋಲ್ಡ್ ಮಾಡಿ, ಗಾತ್ರವನ್ನು 16ಕ್ಕೆ ಏರಿಸಿ, ಹೆಡಿಂಗ್ ಆಯಿತು ಅಂದುಕೊಳ್ಳುತ್ತಾರೆ. ನೋಡಲು ವ್ಯತ್ಯಾಸವೇ ಇಲ್ಲ. ನಲವತ್ತು ಪುಟ ತುಂಬಿದ ಮೇಲೆ ಇನ್ಸರ್ಟ್ ಮೆನುವಿನಿಂದ ಪರಿವಿಡಿ ಹಾಕಲು ಹೋದಾಗ ಅದರಲ್ಲಿ ಆ ಸಾಲುಗಳು ಬರುವುದಿಲ್ಲ, ಏಕೆಂದರೆ ಪರಿವಿಡಿ ಓದುವುದು ಸ್ಟೈಲನ್ನು. ಸ್ಕ್ರೀನ್ ಮೇಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಬಳಸುವ ದೃಷ್ಟಿದೋಷವುಳ್ಳವರಿಗೆ ಒಂದು ಹೆಡಿಂಗ್‌ನಿಂದ ಇನ್ನೊಂದಕ್ಕೆ ಜಿಗಿಯುವ ದಾರಿಯೂ ಮುಚ್ಚಿಹೋಗುತ್ತದೆ. ಇದಕ್ಕೆ ಬಳಸುವವರನ್ನು ಬೈಯುವುದು ಅನ್ಯಾಯ. ಟೂಲ್‌ಬಾರ್ ತೋರಿಸಿದ ದಾರಿಯಲ್ಲೇ ಅವರು ನಡೆದಿದ್ದಾರೆ.

ಬಚ್ಚಿಡುವ ಚಟ ಇಲ್ಲಿಗೇ ಮುಗಿಯುವುದಿಲ್ಲ. ಪಕ್ಕದಲ್ಲಿ ಇನ್ನೊಂದು ಕಡತ ಇಟ್ಟುಕೊಳ್ಳಲು ವಿಂಡೋವನ್ನು ಅರ್ಧಕ್ಕೆ ಇಳಿಸಿ. ಬಲಗಡೆಯ ಬಟನ್‌ಗಳೆಲ್ಲ ಮೂರು ಚುಕ್ಕಿಯ ಹಿಂದೆ ಹೋಗಿಬಿಡುತ್ತವೆ. ಅಗಲ ಬದಲಾದಂತೆ ಯಾವ ಬಟನ್ ಎಲ್ಲಿದೆ ಅನ್ನುವುದೂ ಬದಲಾಗುತ್ತದೆ. ಹೀಗಾದರೆ ಕೈಗೆ ಅಭ್ಯಾಸ ಕೂರುವುದು ಹೇಗೆ? ವರ್ಡ್‌ನ ವೆಬ್ ಆವೃತ್ತಿಯ ರಿಬ್ಬನ್ ಅನ್ನುವ ಒಂದೇ ಸಾಲಿನ ಬಟನ್ ಪಟ್ಟಿಯದೂ ಇದೇ ಕಥೆ. 2022ರಲ್ಲಿ ಡಾಕ್ಸ್‌ಗೆ ಬಂದ, ಪುಟಗಳಾಗಿ ಒಡೆಯದ ಪೇಜ್‌ಲೆಸ್ ರೂಪದಲ್ಲಿ ಹೆಡರ್, ಫುಟರ್, ಪುಟಸಂಖ್ಯೆ ಯಾವುದೂ ಕಾಣುವುದಿಲ್ಲ. ಡಾಕ್ಯುಮೆಂಟ್ ತೆರೆದವರು ಅಳಿಸಿಹೋಯಿತೆಂದು ಗಾಬರಿಯಾಗುತ್ತಾರೆ. ಫೈಲ್ ಮೆನುವಿನ ಪೇಜ್ ಸೆಟಪ್‌ಗೆ ಹೋಗಿ ಪೇಜಸ್ ಆಯ್ದುಕೊಂಡರೆ ಎಲ್ಲ ಮರಳುತ್ತದೆ.

ಎಲ್ಲಕ್ಕಿಂತ ಅಪಾಯಕಾರಿ ಅಂದರೆ ನೇರವಾಗಿ ತಿದ್ದುವ ಎಡಿಟಿಂಗ್‌ನಲ್ಲಿದ್ದೇವೋ, ತಿದ್ದುಪಡಿಯನ್ನು ಸಲಹೆಯಾಗಿ ತೋರಿಸುವ ಸಜೆಸ್ಟಿಂಗ್‌ನಲ್ಲಿದ್ದೇವೋ ಅನ್ನುವ ಗುರುತು. ಟೂಲ್‌ಬಾರ್‌ನ ಬಲತುದಿಯಲ್ಲಿ ಒಂದು ಸಣ್ಣ ಪೆನ್ಸಿಲ್, ಅಷ್ಟೇ. ಬರೆಯುವವರ ಕಣ್ಣು ಕರ್ಸರ್ ಇರುವ ಸಾಲಿನಲ್ಲಿರುತ್ತದೆ, ಆ ಮೂಲೆಯಲ್ಲಿ ಇರುವುದಿಲ್ಲ. ಸಜೆಸ್ಟಿಂಗ್‌ನಲ್ಲಿದ್ದೇನೆ ಅಂದುಕೊಂಡು ಎಡಿಟಿಂಗ್‌ನಲ್ಲಿ ಬೇರೆಯವರ ಕರಡು ತಿದ್ದಿದರೆ ತಿದ್ದುಪಡಿಗಳು ಯಾವ ಗುರುತೂ ಇಲ್ಲದೆ ಸೇರಿಹೋಗುತ್ತವೆ. ಆಮೇಲೆ ಕಡತದ ಹಳೆಯ ರೂಪಗಳಿರುವ ವರ್ಷನ್ ಹಿಸ್ಟರಿ ತೆರೆದು ಹುಡುಕುವುದೊಂದೇ ದಾರಿ. ಮೊದಲ ಅಕ್ಷರ ಒತ್ತುವ ಮುಂಚೆಯೇ ಕರ್ಸರ್‌ನ ಬಣ್ಣವೋ ಪುಟದ ಅಂಚೋ ಬದಲಾಗಿ ಕಾಣಬೇಕು. ಇಷ್ಟು ಕೇಳುವುದು ಅತಿಯೇ?

ಬಟನ್ ಜಾಸ್ತಿಯಾದರೆ ಹೊಸಬರು ಹೆದರುತ್ತಾರೆ ಅನ್ನುತ್ತೀರಿ. ಹೊಸಬರು ಹೊಸಬರಾಗಿರುವುದು ಎಷ್ಟು ದಿನ? ಆಲ್ಟ್ ಜೊತೆ ಸ್ಲ್ಯಾಶ್ ಒತ್ತಿ ಮೆನು ಹುಡುಕಬಹುದಲ್ಲ ಅನ್ನುತ್ತೀರಿ. ಹೆಡಿಂಗ್ ಸ್ಟೈಲ್ ಅನ್ನುವುದು ಇದೆಯೆಂದೇ ಗೊತ್ತಿಲ್ಲದವರು ಏನೆಂದು ಹುಡುಕಬೇಕು? ಜಾಗದ ಕೊರತೆ ನಿಜ, ಅದನ್ನು ಒಪ್ಪುತ್ತೇನೆ. 1366×768 ಸ್ಕ್ರೀನ್‌ನಲ್ಲಿ ಟ್ಯಾಬ್ ಸಾಲು, ವಿಳಾಸದ ಪಟ್ಟಿ, ಕಡತದ ಹೆಸರು, ಮೆನು, ಟೂಲ್‌ಬಾರ್, ರೂಲರ್ ಎಲ್ಲ ಎತ್ತರವನ್ನೇ ತಿನ್ನುತ್ತವೆ. ಆದರೆ ಪುಟದ ಎರಡೂ ಬದಿ ಖಾಲಿ ಬಿದ್ದಿರುತ್ತದಲ್ಲ, ಸ್ಟೈಲ್ ಪಟ್ಟಿಯನ್ನು ಅಲ್ಲಿಡಬಹುದು. ಮೆನು ಬೇಡವಾದವರು ಕಂಟ್ರೋಲ್, ಶಿಫ್ಟ್, ಎಫ್ ಒತ್ತಿ ತಾವೇ ಮಡಚಿಕೊಳ್ಳುತ್ತಾರೆ. ಬಳಸುವವರು ಮಡಚುವುದು ಬೇರೆ, ಮಾಡಿದವರೇ ಮುಚ್ಚಿಟ್ಟು ಕೊಡುವುದು ಬೇರೆ.

ಕಣ್ಣಿಗೆ ಬೀಳದೆಯೇ ಚೆನ್ನಾಗಿ ನಡೆಯುವ ಕೆಲಸವೂ ಇದೆ, ಅದನ್ನು ಮನಸಾರೆ ಮೆಚ್ಚುತ್ತೇನೆ. ಹಲವರು ಒಟ್ಟಿಗೆ ಬರೆಯುವಾಗ ಕಂಟ್ರೋಲ್ ಜೆಡ್ ಒತ್ತಿದರೆ ನಿಮ್ಮ ತಿದ್ದುಪಡಿಯಷ್ಟೇ ಹಿಂದಕ್ಕೆ ಹೋಗುತ್ತದೆ, ಪಕ್ಕದವರ ಸಾಲು ಹಾಗೇ ಉಳಿಯುತ್ತದೆ. ಅದರ ಹಿಂದಿನ ಶ್ರಮ ದೊಡ್ಡದು.

ವಿಮರ್ಶೆ ಬರೆಯುವವರೇ, ಖಾಲಿ ಪುಟ ತೆರೆದು ಅಂಕ ಕೊಡಬೇಡಿ. ಎರಡು ಹಂತದ ಹೆಡಿಂಗ್, ಒಂದು ಟೇಬಲ್, ಕೆಲವು ಕಾಮೆಂಟ್ ಇರುವ ಹತ್ತು ಪುಟದ ಕಡತ ತೆಗೆದುಕೊಳ್ಳಿ. ವಿಂಡೋ ಅರ್ಧ ಮಾಡಿ, ಬ್ರೌಸರ್ ಜೂಮ್ ಶೇಕಡಾ 200ಕ್ಕೆ ಏರಿಸಿ, ಪಠ್ಯದ ಎಷ್ಟು ಸಾಲು ಉಳಿದವು ಎಣಿಸಿ. ಮೌಸ್ ಬಿಟ್ಟು ಕೀಬೋರ್ಡಿನಿಂದಲೇ ಟೇಬಲ್‌ಗೆ ಒಂದು ಸಾಲು ಸೇರಿಸಿ. ಬಟನ್‌ಗಳನ್ನು ಅಳೆಯಿರಿ. ವೆಬ್ ಎಲ್ಲರಿಗೂ ಬಳಸಲು ಬರುವಂತಿರಬೇಕು ಅನ್ನುವ 2023ರ ಡಬ್ಲ್ಯೂಸಿಎಜಿ 2.2 ಮಾರ್ಗಸೂಚಿಯ ಎಎ ಮಟ್ಟ ಕೇಳುವುದು ಕನಿಷ್ಠ 24×24 ಪಿಕ್ಸೆಲ್, ಇಲ್ಲವೇ ಅದಕ್ಕೆ ತಕ್ಕ ಅಂತರ. ಬೂದು ಅಕ್ಷರಕ್ಕೂ ಹಿನ್ನೆಲೆಗೂ 4.5:1 ಕಾಂಟ್ರಾಸ್ಟ್ ಇದೆಯೇ ನೋಡಿ. ಕಡೆಗೆ ಇಂಟರ್ನೆಟ್ ಕಿತ್ತು ಒಂದು ಪ್ಯಾರಾ ಟೈಪ್ ಮಾಡಿ. ಅದು ಸೇವ್ ಆಗಿಲ್ಲ ಅನ್ನುವುದು ತಲೆಯೆತ್ತದೆ, ಹುಡುಕದೆ ನಿಮಗೆ ಗೊತ್ತಾಯಿತೇ? ಗೊತ್ತಾಗಿದ್ದರೆ ಮಾತ್ರ ಅಂಕ ಕೊಡಿ.